ದುಂಡು ಅಂಗಳದ ಬಾಗಿಲು ತೆರೆದಿಟ್ಟರೆ

ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಜಾಗ ಇದೆ.

ಮೊದಲು ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. ಕುದುರೆ ಪಳಗಿಸುವ ಈ ಕೆಲಸಕ್ಕೆ ಬಂದ ಹೊಸದರಲ್ಲಿ ನನ್ನ ಕೈಗೆ ಒಂದು ಹೆಣ್ಣುಕುದುರೆ ಬಂತು. ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ನಾನೋ ಆಗಷ್ಟೇ ‘ನ್ಯಾಚುರಲ್ ಹಾರ್ಸ್‌ಮನ್‌ಶಿಪ್’ ಕಲಿತು ಬಂದಿದ್ದೆ. ಹೊಡೆಯದೆ, ಕುದುರೆಯ ಸ್ವಭಾವ ಅರಿತು ಪಳಗಿಸುವ ಪದ್ಧತಿ ಅದು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನೋ ಹಾಗೆ, ಬಂದ ದಿನವೇ ಅದನ್ನು ಬೇಲಿ ಹಾಕಿದ ದುಂಡು ಅಂಗಳಕ್ಕೆ ಬಿಟ್ಟೆ. ನಮ್ಮವರು ಅದಕ್ಕೆ ರೌಂಡ್ ಪೆನ್ ಅಂತಾರೆ. ನಡುವೆ ನಿಂತು ಹಗ್ಗ ಬೀಸಿ ಓಡಿಸಿದೆ. ಅದು ಸುತ್ತಿತು, ಸುತ್ತಿತು. ಸ್ವಲ್ಪ ಹೊತ್ತಿಗೆ ಒಳಗಡೆಯ ಕಿವಿ ನನ್ನ ಕಡೆ ತಿರುಗಿತು. ತಲೆ ತಗ್ಗಿತು. ಬಾಯಿ ಚಪ್ಪರಿಸಿತು. ನಾನು ಹಗ್ಗ ಸುತ್ತಿಕೊಂಡು ಬೆನ್ನು ತಿರುಗಿಸಿದೆ. ಒಂದು ನಿಮಿಷದಲ್ಲಿ ಅದರ ಬಿಸಿ ಉಸಿರು ನನ್ನ ಹೆಗಲಿಗೆ ತಾಗಿತು. ನಾನು ನಡೆದರೆ ನಡೆಯಿತು, ನಿಂತರೆ ನಿಂತಿತು. ಸುಳ್ಳು ಯಾಕೆ, ಕಣ್ಣಲ್ಲಿ ನೀರು ಬಂತು.

ಮರುದಿನ ಅದನ್ನು ದೊಡ್ಡ ಬಯಲಲ್ಲಿ ಬಿಟ್ಟಿದ್ದೆವು. ನಾನು ಹಾಲ್ಟರ್, ಅಂದರೆ ಕುದುರೆಯ ತಲೆಗೆ ಹಾಕುವ ಪಟ್ಟಿ, ಹಿಡಿದು ಗೇಟ್ ತೆರೆದೆ. ತಲೆ ಎತ್ತಿ ನೋಡಿತು. ಹಿಂಭಾಗ ತಿರುಗಿಸಿತು. ಬಯಲಿನ ಆ ತುದಿಗೆ ಹೊರಟುಹೋಯಿತು. ಸಂಜೆಯವರೆಗೂ ಕೈಗೆ ಸಿಗಲಿಲ್ಲ.

ಈ ಪದ್ಧತಿಯ ಬಗ್ಗೆ ಇಷ್ಟು ವರ್ಷಗಳಿಂದ ನಡೆಯುತ್ತಿರುವ ಜಗಳವೆಲ್ಲ ಆ ಎರಡು ದಿನಗಳ ನಡುವೆ ಇದೆ ಅಂತ ನನಗೆ ಅನಿಸುತ್ತದೆ.

ಹೊಡೆಯದೆ ಪಳಗಿಸಬೇಕು ಅನ್ನುವುದು ಹೊಸ ಮಾತಲ್ಲ. ಗ್ರೀಸಿನ ಕ್ಸೆನೊಫೋನ್ ಸುಮಾರು 2,300 ವರ್ಷಗಳ ಹಿಂದೆಯೇ ಹೇಳಿದ್ದ. ಬಲವಂತದಿಂದ ಮಾಡಿಸಿದ್ದು ಕುದುರೆಗೆ ಅರ್ಥವಾಗಿರುವುದಿಲ್ಲ, ಚಾಟಿ ಬೀಸಿ ನರ್ತಕನನ್ನು ಕುಣಿಸಿದರೆ ಹೇಗೋ ಹಾಗೆ ಅಂತ. 1858ರಲ್ಲಿ ಅಮೆರಿಕದ ಜಾನ್ ರೇರಿ ಲಂಡನ್ನಿಗೆ ಬಂದು, ಯಾರಿಗೂ ಬಗ್ಗದ ಕ್ರೂಸರ್ ಎಂಬ ಗಂಡುಕುದುರೆಯನ್ನು ಸಾಧು ಮಾಡಿ ತೋರಿಸಿದ. ಊರೆಲ್ಲ ಅವನ ಕರುಣೆಯ ಮಾತು. ಆದರೆ ಅವನ ಗುಟ್ಟು ಏನು? ಮುಂಗಾಲೊಂದನ್ನು ಪಟ್ಟಿಯಿಂದ ಮಡಚಿ ಕಟ್ಟಿ, ಕುದುರೆ ಸುಸ್ತಾಗಿ ಮಲಗುವವರೆಗೂ ಬಿಡದಿರುವುದು. ಚಾಟಿ ಇರಲಿಲ್ಲ, ನಿಜ. ಕುದುರೆಗೆ ಅದು ಕರುಣೆ ಅನ್ನಿಸಿತ್ತಾ?

ನಮ್ಮ ಕಾಲದ ಕಥೆ ಅಮೆರಿಕದ ಪಶ್ಚಿಮದ ದನಗಾಹಿಗಳಿಂದ ಶುರುವಾಗುತ್ತದೆ. ಬಿಲ್ ಡೊರನ್ಸ್, ಟಾಮ್ ಡೊರನ್ಸ್ ಎಂಬ ಅಣ್ಣತಮ್ಮಂದಿರು, ಅವರಿಂದ ಕಲಿತ ರೇ ಹಂಟ್. ಜಾಸ್ತಿ ಮಾತಾಡದ ಜನ. ಆ ವಿದ್ಯೆಗೆ ಹೆಸರಿಟ್ಟು, ಹಂತ ಹಂತದ ಪಾಠ ಮಾಡಿ, ವಿಶೇಷ ಕೋಲು ಹಗ್ಗಗಳ ಜೊತೆ ಮಾರಿದ್ದು ಪ್ಯಾಟ್ ಪರೆಲ್ಲಿ. ಇನ್ನೊಂದು ಕಡೆ ಮಾಂಟಿ ರಾಬರ್ಟ್ಸ್. ನನ್ನ ಕುದುರೆ ಹಿಂದೆ ಬಂದದ್ದನ್ನು ಅವರು ‘ಜಾಯಿನ್-ಅಪ್’ ಅಂತಾರೆ. 1989ರಲ್ಲಿ ಎರಡನೇ ಎಲಿಜಬೆತ್ ರಾಣಿ ಅವರನ್ನು ವಿಂಡ್ಸರ್‌ಗೆ ಕರೆಸಿ ನೋಡಿದ ಮೇಲೆ ಅದು ಮನೆಮಾತಾಯಿತು.

ಮಾರುವುದನ್ನೇ ತಪ್ಪು ಅನ್ನುವವರೂ ಇದ್ದಾರೆ. ನನಗೆ ಅದು ದೊಡ್ಡ ವಿಷಯ ಅಲ್ಲ. ಗುರುಗಳಿಗೂ ಹೊಟ್ಟೆ ಇದೆ, ಅಲ್ವಾ?

ನಿಜವಾದ ತಕರಾರು ಬೇರೆ ಇದೆ. ಈ ಪದ್ಧತಿಯವರು ಹೇಳುವ ಕಥೆ ಹೀಗೆ: ಹಿಂಡಿನಲ್ಲಿ ಒಬ್ಬ ಯಜಮಾನಿ ಕುದುರೆ ಇರುತ್ತದೆ, ಅದು ತಪ್ಪು ಮಾಡಿದವರನ್ನು ಹಿಂಡಿನಿಂದ ಓಡಿಸುತ್ತದೆ, ಅವರು ತಲೆ ತಗ್ಗಿಸಿ ಬಾಯಿ ಚಪ್ಪರಿಸಿ ‘ಸೇರಿಸಿಕೋ’ ಅಂತ ಕೇಳುತ್ತಾರೆ, ನಾವು ಆ ಯಜಮಾನಿಯ ಜಾಗದಲ್ಲಿ ನಿಂತರೆ ಸಾಕು. ಕೇಳಲು ಚೆನ್ನಾಗಿದೆ. ಆದರೆ ಬಯಲಲ್ಲಿ ಸ್ವತಂತ್ರವಾಗಿ ಬದುಕುವ ಕುದುರೆಗಳನ್ನು ಕೂತು ನೋಡಿದವರಿಗೆ ಇಷ್ಟು ಸರಳ ಚಿತ್ರ ಸಿಕ್ಕಿಲ್ಲ. ನೀರಿನ ಹತ್ತಿರ ಬೇರೆಯವರನ್ನು ದಬ್ಬುವ ಕುದುರೆಯೇ ದಾರಿಯಲ್ಲಿ ಮುಂದೆ ನಡೆಯುತ್ತದೆ ಅಂತೇನೂ ಇಲ್ಲ. ಇವತ್ತು ಒಂದು ಮುಂದೆ, ನಾಳೆ ಇನ್ನೊಂದು. ಬಾಯಿ ಚಪ್ಪರಿಸುವುದೂ ಶರಣಾಗತಿ ಅಲ್ಲ, ಹೆದರಿಕೆ ಇಳಿದು ಒಣಗಿದ ಬಾಯಲ್ಲಿ ಎಂಜಲು ಬರುವ ಹೊತ್ತಿನ ಲಕ್ಷಣ ಅಂತ ಹಲವರು ವಾದಿಸುತ್ತಾರೆ.

2012ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಒಂದು ತಮಾಷೆ ಮಾಡಿದರು. ಅಂಗಳದಲ್ಲಿ ಮನುಷ್ಯನ ಬದಲು ರಿಮೋಟ್ ಕಾರು ಬಿಟ್ಟರು. ಕುದುರೆ ದೂರ ಹೋದರೆ ಕಾರು ಅಟ್ಟಿಸುತ್ತದೆ, ತನ್ನ ಕಡೆ ತಿರುಗಿದರೆ ನಿಲ್ಲುತ್ತದೆ. ಕುದುರೆಗಳು ಕಾರಿನ ಕಡೆ ತಿರುಗುವುದನ್ನು ಕಲಿತವು! ಆಟದ ಕಾರನ್ನು ಯಾವ ಕುದುರೆ ತಾನೇ ಹಿಂಡಿನ ಯಜಮಾನಿ ಅಂದುಕೊಳ್ಳುತ್ತದೆ? ಇದನ್ನು ಮೊದಲು ಓದಿದ ದಿನ ನನಗೆ ನಗುವೂ ಬಂತು, ಸ್ವಲ್ಪ ಅವಮಾನವೂ ಆಯಿತು. ನಾನು ಅತ್ತಿದ್ದು ನೆನಪಾಯಿತು ನೋಡಿ.

ಹಾಗಾದರೆ ಅಲ್ಲಿ ಕೆಲಸ ಮಾಡುವುದು ಏನು? ಒತ್ತಡ ಮತ್ತು ಬಿಡುಗಡೆ. ಕಲಿಕೆಯ ಶಾಸ್ತ್ರದವರು ಇದಕ್ಕೆ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಅಂತಾರೆ. ನೆಗೆಟಿವ್ ಅಂದರೆ ಕೆಟ್ಟದ್ದು ಅಂತಲ್ಲ, ಏನನ್ನೋ ಕಳೆಯುವುದು ಅಂತ. ಕುದುರೆಯನ್ನು ಒಂದು ಹೆಜ್ಜೆ ಹಿಂದೆ ಸರಿಸಬೇಕು ಅಂದುಕೊಳ್ಳಿ. ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಹಿಂದಕ್ಕೆ ಒತ್ತಿ, ಕಾಯಿರಿ. ಮೊದಲು ಗೊರಸು ಅಲುಗುವುದಿಲ್ಲ. ಎದೆಯ ಭಾರ ಹಿಂಗಾಲಿಗೆ ಸರಿಯುತ್ತದೆ, ಕೂದಲೆಳೆಯಷ್ಟು. ಆ ಕ್ಷಣದಲ್ಲಿ ಬಿಟ್ಟರೆ, ನಾಲ್ಕನೇ ಸಲಕ್ಕೆ ಬೆರಳು ತಾಗುವ ಮೊದಲೇ ಸರಿಯುತ್ತದೆ. ಎರಡು ಸೆಕೆಂಡ್ ತಡವಾದರೆ ಅಷ್ಟರಲ್ಲಿ ಅದು ತಲೆ ಮೇಲೆತ್ತಿರುತ್ತದೆ. ಆಗ ನೀವು ಬಿಟ್ಟಿರಿ ಅಂದರೆ ತಲೆ ಎತ್ತುವುದನ್ನೇ ಕಲಿಸಿದಿರಿ. ಮೈಮೇಲೆ ನೊಣ ಕೂತರೂ ಚರ್ಮ ಅದುರಿಸುವ ಪ್ರಾಣಿ ಅದು. ಅದಕ್ಕೆ ಗೊತ್ತಾಗುತ್ತದೆ, ನಮಗೆ ಗೊತ್ತಾಗುವುದಿಲ್ಲ. ಆ ಹಳೇ ದನಗಾಹಿಗಳ ಕೈಯಲ್ಲಿ ಇದ್ದದ್ದು ಈ ಲೆಕ್ಕ. ಅವರು ಹೇಳಿದ ಕಾರಣ ತಪ್ಪಿರಬಹುದು, ಕೈ ತಪ್ಪಿರಲಿಲ್ಲ. ವಿಜ್ಞಾನ ಬಲ್ಲ ಎಷ್ಟೋ ಜನರ ಹಗ್ಗ ಸದಾ ಬಿಗಿಯಾಗೇ ಇರುವುದನ್ನೂ ನಾನು ನೋಡಿದ್ದೇನೆ.

ಇಲ್ಲಿಗೆ ಮೂರನೆಯವರು ಬರುತ್ತಾರೆ, ಕ್ಲಿಕ್ಕರ್ ಹಿಡಿದುಕೊಂಡು. ಒತ್ತಿದರೆ ‘ಟಿಕ್’ ಅನ್ನುವ ಪುಟ್ಟ ಸಾಧನ ಅದು, ‘ಸರಿ ಮಾಡಿದೆ’ ಅಂತ ಕುದುರೆಗೆ ತಿಳಿಸಲು. ಒತ್ತಡವೇ ಯಾಕೆ ಬೇಕು, ಸರಿ ಮಾಡಿದಾಗ ತಿನ್ನಲು ಕೊಡಿ ಅಂತಾರೆ. ಹಳಬರು ತಕ್ಷಣ ‘ಕಚ್ಚೋದು ಕಲಿಸ್ತೀರಿ’ ಅಂತ ಗದರುತ್ತಾರೆ. ಕೆಟ್ಟದಾಗಿ ಮಾಡಿದರೆ ಹೌದು, ಕಚ್ಚುತ್ತದೆ. ಆದರೆ ಆ ಕ್ಲಿಕ್ಕರ್‌ನವರ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ: ಆ ದುಂಡು ಅಂಗಳದ ಬಾಗಿಲು ತೆರೆದಿಟ್ಟಿದ್ದರೆ ನಿನ್ನ ಕುದುರೆ ಏನು ಮಾಡುತ್ತಿತ್ತು?

ಉತ್ತರ ನನಗೆ ಮರುದಿನವೇ ಸಿಕ್ಕಿತ್ತಲ್ಲ.

ಆಮೇಲೆ ಬಯಲಲ್ಲೇ ಕೆಲಸ ಶುರು ಮಾಡಿದೆ. ಹಾಲ್ಟರ್ ಇಲ್ಲ, ಹಗ್ಗ ಇಲ್ಲ. ಜೇಬಲ್ಲಿ ಕ್ಯಾರೆಟ್ ಚೂರು. ಅದು ನನ್ನ ಕಡೆ ಒಂದು ಕಿವಿ ತಿರುಗಿಸಿದರೆ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಇದೂ ಒತ್ತಡ ಮತ್ತು ಬಿಡುಗಡೆಯೇ, ಒಪ್ಪುತ್ತೇನೆ. ಹತ್ತಿರ ಬಂದರೆ ಕ್ಯಾರೆಟ್. ಎರಡೂ ಪಂಥದವರು ಬೈಯುವಂಥ ಬೆರಕೆ ಕೆಲಸ. ಆರು ವಾರ ಹಿಡಿಯಿತು. ಜೊತೆಗಾರನೊಬ್ಬ ನಕ್ಕ: ‘ಅದು ಬರೋದು ನಿಂಗಲ್ಲಪ್ಪ, ಕ್ಯಾರೆಟ್‌ಗೆ.’

ಇರಬಹುದು ಅಂದೆ. ಒಂದು ದಿನ ಪರೀಕ್ಷೆಗೆ ಅಂತ ಖಾಲಿ ಜೇಬಲ್ಲಿ ಹೋದೆ. ಗೇಟ್ ತೆರೆದೇ ಇಟ್ಟು ನಿಂತೆ. ತಲೆ ಎತ್ತಿ ನೋಡಿತು. ಸುಮಾರು ಅರ್ಧ ದಾರಿ ಬಂತು. ನಿಂತು ಗಾಳಿ ಮೂಸಿತು. ಕ್ಯಾರೆಟ್ ಇಲ್ಲ ಅಂತ ಗೊತ್ತಾಗಿರಬೇಕು. ಆದರೂ ಹೋಗಲಿಲ್ಲ, ಅಲ್ಲೇ ಹುಲ್ಲು ಕಚ್ಚುತ್ತಾ ನಿಂತಿತು. ಉಳಿದ ಅರ್ಧ ನಾನು ನಡೆದು ಹೋದೆ.

ಪ್ರಶ್ನೆಗಳಿದ್ದರೆ ಕೇಳಿ.