ಬಲಗಡೆ ಅಂದರೆ ರೋಗಿಯ ಬಲಗಡೆ

ಎಲ್ಲರಿಗೂ ನಮಸ್ಕಾರ. ನರ್ಸಿಂಗ್, ಫಿಸಿಯೋಥೆರಪಿ, ಎಕ್ಸ್‌ರೇ ಕೋರ್ಸ್‌ಗಳಿಗೆ ಹೊಸದಾಗಿ ಸೇರಿದವರು ಇಲ್ಲಿದ್ದೀರಿ. ಅನಾಟಮಿ, ಅಂದರೆ ದೇಹರಚನೆಯ ಪುಸ್ತಕ ತೆಗೆದ ಕೂಡಲೇ ದೇಹದಲ್ಲಿ ಯಾವುದು ಎಲ್ಲಿದೆ ಅಂತ ಹೇಳುವ ಮೀಡಿಯಲ್, ಲ್ಯಾಟರಲ್, ಪ್ರಾಕ್ಸಿಮಲ್, ಡಿಸ್ಟಲ್ ಅಂತ ಸಾಲುಸಾಲು ಪದ ಬರುತ್ತವೆ. ತುಂಬಾ ಜನ ಅವನ್ನು ಸುಮ್ನೆ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತಾರೆ. ಬಾಯಿಪಾಠ ಬೇಡ. ಎಲ್ಲರೂ ಒಮ್ಮೆ ಎದ್ದು ನಿಲ್ಲಿ.

ನೆಟ್ಟಗೆ ನಿಂತು, ಮುಂದೆ ನೋಡುತ್ತಾ, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ಅಂಗೈ ಮುಂದಕ್ಕೆ ತಿರುಗಿಸಿ. ಇದೇ ಅನಾಟಮಿಕಲ್ ಪೊಸಿಷನ್. ರೋಗಿ ಅಂಗಾತ ಮಲಗಿರಲಿ, ಬೋರಲು ಬಿದ್ದಿರಲಿ, ಮುದುಡಿಕೊಂಡಿರಲಿ, ಅವರು ಹೀಗೆ ನಿಂತಿದ್ದಾರೆ ಅಂತಲೇ ಅಂದುಕೊಂಡು ಹೆಸರು ಹೇಳಬೇಕು. ಎಡ-ಬಲ ಕೂಡ ರೋಗಿಯದು, ಎದುರಿಗೆ ನಿಂತ ನಿಮ್ಮದಲ್ಲ.

ಮುಂಭಾಗ ಆಂಟೀರಿಯರ್, ಬೆನ್ನಿನ ಕಡೆ ಪೋಸ್ಟೀರಿಯರ್. ತಲೆಯ ಕಡೆ ಸುಪೀರಿಯರ್, ಪಾದದ ಕಡೆ ಇನ್‌ಫೀರಿಯರ್. ಮೈಯ ನಡುಗೆರೆಗೆ ಹತ್ತಿರ ಇದ್ದರೆ ಮೀಡಿಯಲ್, ದೂರ ಇದ್ದರೆ ಲ್ಯಾಟರಲ್. ಈಗ ನಿಮ್ಮ ಕೈ ನೋಡಿ: ಕಿರುಬೆರಳು ಮೀಡಿಯಲ್, ಹೆಬ್ಬೆರಳು ಲ್ಯಾಟರಲ್. ಅಂಗೈ ಹಿಂದಕ್ಕೆ ತಿರುಗಿಸಿದರೆ ಹೆಬ್ಬೆರಳು ಮೈ ಕಡೆಗೆ ಬರುತ್ತದೆ, ಅಲ್ವಾ? ಆದರೂ ಅದು ಲ್ಯಾಟರಲ್ಲೇ.

ಕೈಕಾಲಿಗೆ ಪ್ರಾಕ್ಸಿಮಲ್, ಡಿಸ್ಟಲ್ ಬೇಕಾಗುತ್ತವೆ. ಬುಡದ ಕಡೆ ಪ್ರಾಕ್ಸಿಮಲ್, ತುದಿಯ ಕಡೆ ಡಿಸ್ಟಲ್. ತೊಡೆ ಮೂಳೆ ಮುರಿದವರು ಬಂದಾಗ ಡಾಕ್ಟರ್ 'ಡಿಸ್ಟಲ್ ಪಲ್ಸ್ ನೋಡಿ' ಅನ್ನುತ್ತಾರೆ. ಮುರಿದ ಜಾಗದಿಂದ ಆಚೆ, ಪಾದದ ಮೇಲೆ ನಾಡಿ ಸಿಗುತ್ತದಾ, ರಕ್ತ ಅಲ್ಲಿಗೆ ತಲುಪುತ್ತಿದೆಯಾ ಅಂತ ನೋಡಬೇಕು. ಪದ ಗೊತ್ತಿಲ್ಲದೆ ನೀವು ಬೇರೆ ಕಡೆ ನಾಡಿ ಹಿಡಿದು 'ಸರಿ ಇದೆ' ಅಂದರೆ ಕಾಲಿಗೇ ಅಪಾಯ.

ಇನ್ನು ಹೊಟ್ಟೆ. ನಮ್ಮಲ್ಲಿ ಪಕ್ಕೆಲುಬಿನಿಂದ ತೊಡೆಸಂದಿನವರೆಗೆ ಎಲ್ಲಿ ನೋವಾದರೂ 'ಹೊಟ್ಟೆನೋವು' ಅಂತಲೇ ಬರುತ್ತಾರೆ. ರೋಗಿ ಹಾಗೆ ಹೇಳಲಿ, ಆದರೆ ನೀವು ಹಾಗೇ ಬರೆಯಬಾರದು. ಎರಡು ಉದ್ದ ಗೆರೆ, ಎರಡು ಅಡ್ಡ ಗೆರೆ ಎಳೆದರೆ ಹೊಟ್ಟೆ 9 ಭಾಗವಾಗುತ್ತದೆ. ಮೇಲಿನ ಸಾಲಿನ ನಡುವೆ ಎಪಿಗ್ಯಾಸ್ಟ್ರಿಕ್. ಇಲ್ಲಿ ನೋವು ಅಂದಕೂಡಲೇ 'ಗ್ಯಾಸ್ಟ್ರಿಕ್' ಅಂತ ಮಾತ್ರೆ ನುಂಗಿ ಸುಮ್ಮನಾಗುವವರು ಜಾಸ್ತಿ, ಆದರೆ ಹೃದಯಾಘಾತದ ನೋವೂ ಕೆಲವೊಮ್ಮೆ ಇಲ್ಲೇ ಕಾಣಿಸಿಕೊಳ್ಳುತ್ತದೆ, ದಯವಿಟ್ಟು ಇದನ್ನು ಮರೆಯಬೇಡಿ. ಎಪಿಗ್ಯಾಸ್ಟ್ರಿಕ್‌ನ ಬಲಕ್ಕೆ, ಪಕ್ಕೆಲುಬಿನ ಕೆಳಗೆ ಲಿವರ್ ಮತ್ತು ಪಿತ್ತಕೋಶ. ಎಡಕ್ಕೆ ಗುಲ್ಮ, ಅಂದರೆ ಸ್ಪ್ಲೀನ್. ಕಿಡ್ನಿ ಕಲ್ಲಿನ ನೋವು ಸೊಂಟದ ಪಕ್ಕದಲ್ಲಿ ಶುರುವಾಗಿ ತೊಡೆಸಂದಿಗೆ ಇಳಿಯುತ್ತದೆ.

ಅಪೆಂಡಿಕ್ಸ್ ಇರುವುದು ಸಾಮಾನ್ಯವಾಗಿ ಬಲ ಇಲಿಯಾಕ್ ಭಾಗದಲ್ಲಿ, ಅಂದರೆ ಕಿಬ್ಬೊಟ್ಟೆಯ ಬಲಗಡೆ. ಅದು ಊದಿಕೊಂಡಾಗ ನೋವು ಹೆಚ್ಚಾಗಿ ಮೊದಲು ಹೊಕ್ಕಳ ಸುತ್ತ ಬಂದು, ಆಮೇಲೆ ಅಲ್ಲಿಗೆ ಸರಿಯುತ್ತದೆ. ಬಲಗಡೆ ಸೊಂಟದ ಮೂಳೆಯ ಮುಂದಿನ ಮೊನೆಯಿಂದ ಹೊಕ್ಕಳಿಗೆ ಗೆರೆ ಎಳೆದು, ಮೊನೆಯಿಂದ ಮೂರನೇ ಒಂದು ಭಾಗ ಬಂದರೆ ಸಿಗುವ ಜಾಗವನ್ನು ಮೆಕ್‌ಬರ್ನೀಸ್ ಪಾಯಿಂಟ್ ಅನ್ನುತ್ತಾರೆ. ಚಾರ್ಲ್ಸ್ ಮೆಕ್‌ಬರ್ನಿ ಅನ್ನುವ ಅಮೆರಿಕದ ಸರ್ಜನ್ 1889ರಲ್ಲಿ ಇದನ್ನು ವಿವರಿಸಿದರು, ಇವತ್ತಿಗೂ ಡಾಕ್ಟರುಗಳು ಅಲ್ಲೇ ಬೆರಳಿಟ್ಟು ಒತ್ತಿ ನೋಡುತ್ತಾರೆ.

ಕೊನೆಗೆ ಪ್ಲೇನ್, ಅಂದರೆ ದೇಹವನ್ನು ಕತ್ತರಿಸಿದ ಹಾಗೆ ಊಹಿಸಿಕೊಳ್ಳುವ ಸಮತಲ. ಮುಖ್ಯವಾದವು ಮೂರೇ. ದೇಹವನ್ನು ಎಡ-ಬಲ ಅಂತ ಸೀಳುವುದು ಸ್ಯಾಜಿಟಲ್, ಮುಂದೆ-ಹಿಂದೆ ಅಂತ ಬೇರೆ ಮಾಡುವುದು ಕೊರೋನಲ್, ಮೇಲೆ-ಕೆಳಗೆ ಅಂತ ಅಡ್ಡಕ್ಕೆ ಕತ್ತರಿಸುವುದು ಟ್ರಾನ್ಸ್‌ವರ್ಸ್. ಸಿಟಿ ಸ್ಕ್ಯಾನ್‌ನಲ್ಲಿ ಹೆಚ್ಚಾಗಿ ನೋಡುವುದು ಈ ಮೂರನೆಯದನ್ನು, ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಹಾಗೆ. ಇಲ್ಲೊಂದು ನಿಯಮ ಇದೆ: ಆ ಬಿಲ್ಲೆಯನ್ನು ರೋಗಿಯ ಪಾದದ ಕಡೆಯಿಂದ ನೋಡುತ್ತಿದ್ದೇವೆ ಅಂತ ಲೆಕ್ಕ. ಅದಕ್ಕೇ ರೋಗಿಯ ಬಲಗಡೆ ಚಿತ್ರದ ಎಡಗಡೆ ಬರುತ್ತದೆ. ನಾಳೆ ಲ್ಯಾಬ್‌ನಲ್ಲಿ ಹೊಟ್ಟೆಯ ಸಿಟಿ ಫಿಲ್ಮ್ ಕೊಡುತ್ತೇನೆ. ಮೊದಲು ಲಿವರ್ ಹುಡುಕಿ, ಆಮೇಲೆ ಬೆನ್ನುಮೂಳೆ, ಆಮೇಲೆ ಎಡ ಕಿಡ್ನಿ.