ದೋಣಿ ಮಗುಚಿದರೂ ಬುತ್ತಿ ಒದ್ದೆಯಾಗಬಾರದು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಬಿಸಿ ದೋಸೆ ಬಿಟ್ಟು, ಹಾಯಿದೋಣಿಯಲ್ಲಿ ದಡದಿಂದ ದಡಕ್ಕೆ ಹೋಗುವಾಗ ಸಾಮಾನು, ಬುತ್ತಿ ಕಟ್ಟುವುದು ಹೇಗೆ ಅನ್ನೋ ಮಾತು ಕೇಳಲು ಬಂದಿದ್ದೀರಿ. ಅದೂ ಸಮುದ್ರ ನೋಡಬೇಕಾದರೆ ರಾತ್ರಿ ಬಸ್ಸು ಹತ್ತಬೇಕಾದ ಬೆಂಗಳೂರಿನಲ್ಲಿ. ನಮ್ಮ ದೋಣಿ ಒಂದು ಕಟಮರಾನ್, ಕುಮಟಾದ ಹತ್ತಿರ ಸ್ನೇಹಿತರ ತೆಂಗಿನ ತೋಟದಲ್ಲಿ ಮಲಗಿರುತ್ತದೆ. ಅದರ ಸಾಮಾನು ಮಾತ್ರ ಜಯನಗರದ ನಮ್ಮ ಮನೆಯ ಅಟ್ಟದ ಮೇಲಿದೆ. ಮನೆಯವರಿಗೆ ಆ ಅಟ್ಟದ ಬಗ್ಗೆ ಒಳ್ಳೆಯ ಅಭಿಪ್ರಾಯವಿಲ್ಲ.

ಕಟಮರಾನ್ ಅನ್ನೋ ಪದ ಬಂದದ್ದು ತಮಿಳಿನ ಕಟ್ಟುಮರಂನಿಂದ. ಕನ್ನಡದವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಆದರೆ ಕಟ್ಟುಮರ ಅಂದರೆ ಮರದ ದಿಮ್ಮಿಗಳನ್ನು ಕಟ್ಟಿದ ತೆಪ್ಪ. ನಾನು ಹೇಳುತ್ತಿರುವುದು ಜೋಡಿ ಒಡಲಿನ ದೋಣಿ. ನಮ್ಮದು ಹೋಬಿ 16. ಕ್ಯಾಲಿಫೋರ್ನಿಯಾದಲ್ಲಿ ಸರ್ಫ್ ಹಲಗೆ ಮಾಡುತ್ತಿದ್ದ ಹೋಬಿ ಆಲ್ಟರ್ ಅವರ ಕಲ್ಪನೆ. ಉದ್ದ ಐದು ಮೀಟರ್, ಅಗಲ 2.4 ಮೀಟರ್, ತೂಕ ಸುಮಾರು 145 ಕೆ.ಜಿ. ದೋಣಿ ಪಕ್ಕಕ್ಕೆ ಜಾರದಂತೆ ನೀರಿಗೆ ಇಳಿಬಿಡುವ ಹಲಗೆ ಇದಕ್ಕಿಲ್ಲ, ಚುಕ್ಕಾಣಿಗಳು ಮೇಲಕ್ಕೆ ಮಡಚಿಕೊಳ್ಳುತ್ತವೆ. ಹಾಗಾಗಿ ನೇರ ಮರಳಿನ ಮೇಲೆ ಹತ್ತಿಸಬಹುದು. ದಡದಲ್ಲಿ ತಂಗುತ್ತಾ ಮುಂದೆ ಹೋಗುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಬೇಕು, ಒಂದು ಕೋಣೆ ಬೇಕು. ಅದಿಲ್ಲ. ಎರಡು ಒಡಲುಗಳ ನಡುವೆ ಬಿಗಿದ ಟ್ರ್ಯಾಂಪೊಲಿನ್ ಬಟ್ಟೆಯೇ ಅಂಗಳ, ಅದೇ ಉಗ್ರಾಣ. ನೀರು ಮೇಲಿಂದಲೂ ಬೀಳುತ್ತದೆ, ಕೆಳಗಿಂದಲೂ ಚಿಮ್ಮುತ್ತದೆ.

ಮೊದಲ ಸಲ ಹೊರಟಾಗ ನಮಗೆ ಇಷ್ಟೂ ಗೊತ್ತಿರಲಿಲ್ಲ. ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬ ಕೊಂಡೆವು. ಅಂಗಡಿಯವರು ಮುಚ್ಚಳ ತಟ್ಟಿ, ‘ಸಾರ್, ಒಂದು ಹನಿ ಹೋಗಲ್ಲ’ ಅಂದರು. ಅದನ್ನು ಮುಂದುಗಡೆ ಕಟ್ಟಿದೆವು. ಮಧ್ಯಾಹ್ನ ಗಾಳಿ ಜೋರಾಯಿತು. ಒಂದು ಒಡಲಿನ ಮೂತಿ ಅಲೆಯೊಳಗೆ ನುಗ್ಗಿತು, ದೋಣಿ ಮುಂದಕ್ಕೆ ಪಲ್ಟಿ ಹೊಡೆಯಿತು. ಅದನ್ನು ಎತ್ತಲು ಒಬ್ಬರ ತೂಕ ಸಾಲದು. ಇಬ್ಬರೂ ಕೆಳಗಿನ ಒಡಲ ಮೇಲೆ ನಿಂತು, ಹಗ್ಗ ಹಿಡಿದು ಹಿಂದಕ್ಕೆ ಜೋತುಬಿದ್ದೆವು. ಕೊನೆಗೂ ಎದ್ದಿತು. ಸಂಜೆ ದಡದಲ್ಲಿ ಡಬ್ಬ ತೆಗೆದರೆ ಮೂರು ಕೆ.ಜಿ. ಅವಲಕ್ಕಿ ಸಮುದ್ರದ ನೀರಲ್ಲಿ ನೆನೆದು ಉಬ್ಬಿ ಮುಚ್ಚಳದವರೆಗೆ ಬಂದಿತ್ತು. ಉಪ್ಪು ಹಾಕುವ ಕೆಲಸ ಮಾತ್ರ ತಪ್ಪಿತು.

ಅವತ್ತಿಂದ ನಾನು ದೋಣಿ ಮಗುಚೇ ಮಗುಚುತ್ತದೆ ಅಂದುಕೊಂಡೇ ಗಂಟು ಕಟ್ಟುತ್ತೇನೆ. ಮೇಜಿನ ಮೇಲಿರುವ ಈ ಹಳದಿ ಚೀಲ ನೋಡಿ. ಬಾಯಿಯನ್ನು ಮೂರು ಸುತ್ತು ಮಡಚಿ ಕ್ಲಿಪ್ ಹಾಕಬೇಕು. ಎರಡು ಸುತ್ತು ಸಾಲದು. ಕೊಂಡ ದಿನವೇ ಒಳಗೆ ಹಳೇ ಪೇಪರ್ ತುಂಬಿ, ನಲ್ಲಿಯಲ್ಲಿ ಕಾವೇರಿ ಬಂದ ಹೊತ್ತು ನೋಡಿ ಡ್ರಮ್ಮಿನಲ್ಲಿ ಮುಳುಗಿಸಿ, ಮೇಲೆ ರುಬ್ಬುಗುಂಡು ಇಡಿ. ಪೇಪರ್ ಒದ್ದೆಯಾದರೆ ಚೀಲ ವಾಪಸ್. ಒಂದು ದೊಡ್ಡ ಚೀಲದ ಬದಲು ಹತ್ತು, ಹದಿನೈದು ಲೀಟರಿನ ಸಣ್ಣವು ನಾಲ್ಕೈದು ಇರಲಿ. ಒಂದು ಸೋರಿದರೆ ಎಲ್ಲವೂ ಹಾಳಾಗುವುದಿಲ್ಲ. ಭಾರದ್ದು ಮೂತಿಯ ಕಡೆ ಬೇಡ, ನಡುವಿಗಿಂತ ಸ್ವಲ್ಪ ಹಿಂದೆ ಕಟ್ಟಿ. ನೀವು ಈ ಬದಿಯಿಂದ ಆ ಬದಿಗೆ ತೆವಳಲು ಜಾಗ ಬಿಡಿ. ಹಾಯಿಯ ಹಗ್ಗ ಯಾವ ಚೀಲಕ್ಕೂ ಸಿಕ್ಕಿಕೊಳ್ಳಬಾರದು.

ಲೈಫ್ ಜಾಕೆಟ್, ಸೀಟಿ, ಚಾಕು, ನೀರು ಹೋಗದ ಕವರಿನಲ್ಲಿ ಫೋನು ಇವು ಚೀಲದಲ್ಲಿ ಅಲ್ಲ, ಮೈಮೇಲೆ ಇರಬೇಕು. ಕೋಸ್ಟ್ ಗಾರ್ಡ್ ನಂಬರ್ 1554. ಹೊರಡುವ ಮೊದಲು ಕರಾವಳಿ ಕಾವಲು ಪೊಲೀಸರಿಗೆ ತಿಳಿಸಿ. ಕಾರವಾರದ ಕಡೆ ನೌಕಾನೆಲೆ ಇದೆ, ಅತ್ತ ಸುಮ್ನೆ ತಲೆ ಹಾಕಬೇಡಿ.

ಇನ್ನು ಊಟ. ಇದನ್ನು ಹೇಳಲೆಂದೇ ನಾನು ಬಂದದ್ದು ಅಂದರೂ ಸರಿ. ವಿದೇಶದ ಒಣ ಊಟದ ಪ್ಯಾಕೆಟ್ಟಿಗೆ ದುಡ್ಡು ಸುರಿಯುವವರನ್ನು ನೋಡಿದ್ದೇನೆ. ಬುತ್ತಿ ಕಟ್ಟುವುದರಲ್ಲಿ ನಮ್ಮನ್ನು ಮೀರಿಸುವವರು ಯಾರು? ಉತ್ತರ ಕರ್ನಾಟಕದ ಕಟಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡದು, ಒಲೆಯನ್ನೂ ಕೇಳದು. ಎರಡು ಸ್ಟೀಲ್ ತಟ್ಟೆಗಳ ನಡುವೆ ಇಟ್ಟು ಬಟ್ಟೆ ಸುತ್ತಿದರೆ ಮುರಿಯುವುದೂ ಇಲ್ಲ. ಜೊತೆಗೆ ಶೇಂಗಾ ಚಟ್ನಿ, ಒಂದು ಈರುಳ್ಳಿ. ಬೆಳಿಗ್ಗೆ ಹುರಿಹಿಟ್ಟಿಗೆ ಬೆಲ್ಲ, ನೀರು ಬೆರೆಸಿದರೆ ಮುಗಿಯಿತು, ಹಾಯಿ ಹಿಡಿದುಕೊಂಡೇ ತಿನ್ನಬಹುದು. ರಾತ್ರಿಗೆ ರಿಟಾರ್ಟ್ ಪೌಚಿನ ಬಿಸಿಬೇಳೆಭಾತ್. ಇಲ್ಲಿ ಸೈನಿಕರ ಊಟಕ್ಕೆ ಈ ಪೌಚುಗಳನ್ನು ಹದಗೊಳಿಸಿದ್ದು ನಮ್ಮ ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯ. ಮೊಹರು ಹಾಕಿದ ಪೌಚನ್ನು ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸುತ್ತಾರೆ, ಹಾಗಾಗಿ ಫ್ರಿಜ್ಜು ಬೇಡ. ಪೌಚ್ ಬಿಸಿ ಮಾಡಲು ಸಮುದ್ರದ ನೀರೇ ಸಾಕು, ಕುಡಿಯುವ ನೀರು ಉಳಿಯುತ್ತದೆ. ಅನ್ನಕ್ಕಾದರೆ ಆರು ಲೋಟ ಸಿಹಿನೀರಿಗೆ ಒಂದೇ ಲೋಟ ಸಮುದ್ರದ್ದು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಆ ನೀರನ್ನೂ ದಡದಿಂದ ದೂರದಲ್ಲಿ, ದೋಣಿ ಓಡುವಾಗಲೇ ತುಂಬಿಕೊಳ್ಳಿ. ಅಳಿವೆ, ಬಂದರಿನ ಹತ್ತಿರದ ನೀರು ಬೇಡ.

ಕುಡಿಯಲು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್. ಎರಡೆರಡು ಲೀಟರಿನ ಬಾಟಲಿಗಳಲ್ಲಿ ಹಂಚಿ ಕಟ್ಟಿ. ಒಂದು ಬಾಟಲಿಗೆ ಕುಮಟಾದಲ್ಲಿ ಸಿಗುವ ಮುರುಗಲು ರಸ ಬೆರೆಸಿ. ಮಧ್ಯಾಹ್ನ ಎರಡು ಗಂಟೆಗೆ ನನ್ನನ್ನು ನೆನೆಯುತ್ತೀರಿ.

ಗ್ಯಾಸ್ ಒಲೆಗೆ ಗಾಳಿತಡೆ ಬೇಕು. ಆದರೆ ಡಬ್ಬಿ ಬರ್ನರ್ ಕೆಳಗೇ ಇರುವ ಒಲೆಯಾದರೆ ಸುತ್ತಲೂ ಪೂರ್ತಿ ಮುಚ್ಚಬೇಡಿ. ಕಾವು ಡಬ್ಬಿಗೇ ಹೋಗುತ್ತದೆ, ಸಿಡಿದೀತು.

ಯಾವಾಗ ಹೋಗುವುದು? ನವೆಂಬರಿನಿಂದ ಫೆಬ್ರವರಿ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ, ಮಧ್ಯಾಹ್ನ ಕಡಲಿನಿಂದ ನೆಲಕ್ಕೆ. ಮಳೆಗಾಲದ ಮಾತೇ ಬೇಡ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ ಇರುತ್ತದೆ. ರಾತ್ರಿ ದೋಣಿಯನ್ನು ಒಣಗಿದ ಚಿಪ್ಪು, ಕಸದ ಗೆರೆಗಿಂತ ಮೇಲಕ್ಕೆ ಎಳೆದಿಡಿ. ಆ ಗೆರೆಯೇ ಉಬ್ಬರದ ಎಲ್ಲೆ. ಒಮ್ಮೆ ಸೋಮಾರಿತನದಿಂದ ಕೆಳಗೇ ಬಿಟ್ಟು ಮಲಗಿದ್ದೆವು. ಮೂರು ಗಂಟೆಗೆ ಎಚ್ಚರವಾದಾಗ ದೋಣಿ ಹಗ್ಗದ ತುದಿಯಲ್ಲಿ ನಿಧಾನಕ್ಕೆ ತೇಲುತ್ತಿತ್ತು. ಹಗ್ಗ ಕಟ್ಟಿದ್ದು ನನ್ನ ಕಾಲಿಗೆ.

ಸರಿ, ಈ ಹಳದಿ ಚೀಲ. ನಿನ್ನೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನಮ್ಮ ಮನೆಯ ಡ್ರಮ್ಮಿನಲ್ಲಿ ಮುಳುಗಿತ್ತು. ಒಳಗೆ ಇಪ್ಪತ್ತು ರೊಟ್ಟಿ ಇವೆ. ನಾನಿನ್ನೂ ತೆಗೆದು ನೋಡಿಲ್ಲ. ಮುಂದೆ ಕೂತ ಅಮ್ಮ, ನೀವೇ ಬಂದು ಬಿಚ್ಚುತ್ತೀರಾ?