ಸೂಕ್ಷ್ಮದರ್ಶಕ ಎಷ್ಟು ಹೊತ್ತು ನಿಮ್ಮ ಕೈಯಲ್ಲಿರುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವ ಜೀವವಿಜ್ಞಾನದ ವಿದ್ಯಾರ್ಥಿಗಳು ಮತ್ತು ಅವರ ಮುಂದಿನ ಓದಿನ ಬಗ್ಗೆ ಯೋಚಿಸುತ್ತಿರುವ ತಂದೆತಾಯಂದಿರು ಈ ಹೊತ್ತಿನಲ್ಲಿ ರೇಡಿಯೊ ಹತ್ತಿರ ಕುಳಿತಿದ್ದೀರೆಂದು ಭಾವಿಸಿ ನಾನು ಮಾತನಾಡುತ್ತಿದ್ದೇನೆ. ಹತ್ತಿರದ ಚಿಕ್ಕ ವಿಶ್ವವಿದ್ಯಾಲಯದಲ್ಲಿ ಓದಿದರೆ ಏನು ಪ್ರಯೋಜನ, ಬೆಂಗಳೂರಿಗೇ ಕಳುಹಿಸಬೇಕೇ ಎಂದು ಮದುವೆಮನೆಗಳಲ್ಲಿಯೂ ಬಸ್ಸಿನಲ್ಲಿಯೂ ನೀವು ನನ್ನನ್ನು ಕೇಳುತ್ತಲೇ ಇರುತ್ತೀರಿ. ನೀವು ಕಟ್ಟಡದ ಬಗ್ಗೆ ವಿಚಾರಿಸುತ್ತೀರಿ, ಹಾಸ್ಟೆಲಿನ ಊಟದ ಬಗ್ಗೆ ವಿಚಾರಿಸುತ್ತೀರಿ, ಹೆಸರು ಎಷ್ಟು ದೊಡ್ಡದು ಎಂದು ವಿಚಾರಿಸುತ್ತೀರಿ. ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ: ಸೂಕ್ಷ್ಮದರ್ಶಕ ವಾರಕ್ಕೆ ಎಷ್ಟು ಹೊತ್ತು ನಮ್ಮ ಮಗುವಿನ ಕೈಯಲ್ಲಿರುತ್ತದೆ?

ನಮ್ಮ ಕುವೆಂಪು ವಿಶ್ವವಿದ್ಯಾಲಯವನ್ನೇ ನೋಡಿ. 1987ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಆವರಣ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ. ಭದ್ರಾ ಅಣೆಕಟ್ಟೆ ಅಲ್ಲಿಗೆ ಸಮೀಪ, ಭದ್ರಾ ಅಭಯಾರಣ್ಯವೂ ಸಮೀಪ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಜೈವಿಕ ತಂತ್ರಜ್ಞಾನ ಇವೆಲ್ಲ ಅಲ್ಲಿ ಕಲಿಯಲು ಸಿಗುವ ವಿಷಯಗಳು. ಮಹಾನಗರದ ವಿದ್ಯಾರ್ಥಿ ಚಿತ್ರದಲ್ಲಿ ನೋಡುವ ಕಪ್ಪೆ, ಶಿಲೀಂಧ್ರ, ಜರೀಗಿಡಗಳನ್ನು ಇಲ್ಲಿನ ವಿದ್ಯಾರ್ಥಿ ಮಳೆಗಾಲದಲ್ಲಿ ತರಗತಿಗೆ ನಡೆದುಬರುವ ದಾರಿಯಲ್ಲಿಯೇ ಕಾಣುತ್ತಾನೆ.

ಕಾಡು ಹತ್ತಿರವಿದ್ದರೆ ರೋಗವೂ ಹತ್ತಿರವೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು, ಅದು ಅದುವರೆಗೆ ಯಾರೂ ಗುರುತಿಸಿರದ ವೈರಸ್ ಎಂದೂ ಉಣುಗುಗಳ ಮೂಲಕ ಹರಡುತ್ತದೆ ಎಂದೂ ಕಂಡುಹಿಡಿದರು. ನಾವು ಮಂಗನ ಕಾಯಿಲೆ ಎನ್ನುವ ಆ ರೋಗವನ್ನು ಲೋಕದ ವೈದ್ಯಕೀಯ ಗ್ರಂಥಗಳು ಇಂದಿಗೂ ಕ್ಯಾಸನೂರು ಕಾಡಿನ ರೋಗ ಎಂದೇ ಕರೆಯುತ್ತವೆ. ಇಂಥ ನೆಲದಲ್ಲಿ ಹುಟ್ಟಿದ ಮಕ್ಕಳಿಗೆ ಉಣುಗಿನ ಕಾಲುಗಳನ್ನು ಎಣಿಸಲು ಬರಬಾರದೇ?

ಕಾಲುಗಳ ಮಾತು ಬಂದದ್ದರಿಂದ ಒಂದು ಘಟನೆಯನ್ನು ಹೇಳಲೇಬೇಕು. ನನ್ನ ತರಗತಿಯಲ್ಲಿ ಒಂದು ವರ್ಷ ಹದಿನಾರು ವಿದ್ಯಾರ್ಥಿಗಳಿದ್ದರು. ಅಡಿಕೆ ತೋಟದ ಮನೆಯಿಂದ ಬಂದ, ಕನ್ನಡ ಮಾಧ್ಯಮದಲ್ಲಿ ಓದಿದ, ತರಗತಿಯಲ್ಲಿ ಬಾಯಿಯನ್ನೇ ತೆರೆಯದ ಒಬ್ಬ ಹುಡುಗಿ ಒಂದು ಸೋಮವಾರ ತಮ್ಮ ಕೊಟ್ಟಿಗೆಯ ಹಸುವಿನ ಮೈಯಿಂದ ತೆಗೆದ, ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗೊಂದನ್ನು ಗಾಜಿನ ನಳಿಗೆಯಲ್ಲಿ ಹಾಕಿ ತಂದಳು. ನಳಿಗೆಯ ಬಾಯಿಗೆ ಹತ್ತಿ ತುರುಕಿ, ದಿನಾಂಕ ಬರೆದು, ನೆರಳಿನಲ್ಲಿಟ್ಟು ದಿನಾ ನೋಡುತ್ತಿರು ಎಂದೆ. ಕೆಲವು ದಿನಗಳಲ್ಲಿ ಅದು ಗಸಗಸೆಗಿಂತ ಸಣ್ಣ ಮೊಟ್ಟೆಗಳ ರಾಶಿಯನ್ನೇ ಇಟ್ಟಿತು. ಮೂರು ನಾಲ್ಕು ವಾರಗಳ ನಂತರ ನಳಿಗೆಯ ಗೋಡೆಯ ತುಂಬ ಚುಕ್ಕೆಗಳು ಹರಿದಾಡತೊಡಗಿದವು. ಅವಳು ಒಂದನ್ನು ಗ್ಲಿಸರಿನ್ ಹನಿಯಲ್ಲಿಟ್ಟು ಸ್ಲೈಡು ಮಾಡಿ ನೋಡಿ, ಪೆಚ್ಚು ಮೋರೆ ಹಾಕಿಕೊಂಡು ಬಂದು, "ಸರ್, ಕ್ಷಮಿಸಿ, ಎರಡು ಕಾಲು ಮುರಿದುಬಿಟ್ಟೆ. ಆರೇ ಉಳಿದಿವೆ" ಎಂದಳು. ಉಣುಗು ಜೇಡದ ಬಳಗದ್ದು, ಅದಕ್ಕೆ ಎಂಟು ಕಾಲು ಎಂದು ನಾನೇ ಪಾಠ ಮಾಡಿದ್ದೆ. ನಾನು ಉತ್ತರ ಹೇಳಲಿಲ್ಲ. ಇನ್ನೊಂದು ಸ್ಲೈಡು ಮಾಡು ಎಂದೆ. ಅದರಲ್ಲಿಯೂ ಆರು. ಮತ್ತೊಂದು ಮಾಡು ಎಂದೆ. ಆ ಮಧ್ಯಾಹ್ನವೆಲ್ಲ ಅವಳು ಸೂಕ್ಷ್ಮದರ್ಶಕ ಬಿಟ್ಟು ಏಳಲಿಲ್ಲ, ಏಳು ಎಂದು ಹೇಳುವವರೂ ಇರಲಿಲ್ಲ, ಏಕೆಂದರೆ ಅವಳ ಹಿಂದೆ ಸಾಲು ನಿಂತಿರಲಿಲ್ಲ. ಹನ್ನೆರಡನೆಯ ಸ್ಲೈಡು ಮುಗಿಸಿ ಬಂದವಳು ಈ ಸಲ ಕ್ಷಮೆ ಕೇಳಲಿಲ್ಲ. "ಸರ್, ಹನ್ನೆರಡಕ್ಕೂ ಅದೇ ಎರಡು ಕಾಲು ಮುರಿಯಲು ಹೇಗೆ ಸಾಧ್ಯ? ಮರಿಗೆ ಇರುವುದೇ ಆರು ಕಾಲು" ಎಂದಳು.

ಸರಿಯಾದ ಮಾತು. ಮೊಟ್ಟೆಯೊಡೆದು ಬಂದ ಮರಿಗೆ ಆರು ಕಾಲು. ಅದು ರಕ್ತ ಹೀರಿ ಪೊರೆ ಬಿಟ್ಟ ಮೇಲೆ ಎರಡನೆಯ ಹಂತದಲ್ಲಿ ಎಂಟಾಗುತ್ತವೆ. ಹಸುವಿನ ಉಣುಗು ಬೇರೆ ಜಾತಿಯದಾದರೂ ಕಾಲಿನ ಈ ಲೆಕ್ಕ ಮಂಗನ ಕಾಯಿಲೆಯ ಉಣುಗಿಗೂ ಸಲ್ಲುತ್ತದೆ. ಕಾಡಿಗೆ ಸೌದೆಗೆಂದೋ ದರಕಿಗೆಂದೋ ಹೋದವರನ್ನು ಹೆಚ್ಚಾಗಿ ಕಚ್ಚುವುದು ಆ ಎರಡನೆಯ ಹಂತದ ಎಂಟು ಕಾಲಿನ ಮರಿಯೇ. ಮಳೆಗಾಲ ಕಳೆದ ಮೇಲೆ ಅದು ಹೆಚ್ಚುವುದರಿಂದಲೇ ನವೆಂಬರಿನಿಂದ ಮೇವರೆಗೆ ಮಲೆನಾಡಿಗೆ ಭಯ. ಆರೋ ಎಂಟೋ ಎಂದು ಎಣಿಸಬಲ್ಲವರು ಯಾವ ಕಾಡಿನಲ್ಲಿ ಯಾವ ತಿಂಗಳು ಎಚ್ಚರ ಬೇಕೆಂದು ಹೇಳಬಲ್ಲರು. ಅದನ್ನು ಪುಸ್ತಕ ಒಂದು ಸಾಲಿನಲ್ಲಿ ಹೇಳುತ್ತದೆ, ನಿಜ. ಆದರೆ ಆ ಹುಡುಗಿ ತನ್ನ ಕಣ್ಣನ್ನು ನಂಬಲು ಕಲಿತಳಲ್ಲ, ಅದಕ್ಕೆ ಹನ್ನೆರಡು ಸ್ಲೈಡುಗಳೂ ಒಂದು ಇಡೀ ಮಧ್ಯಾಹ್ನವೂ ಬೇಕಾದವು. ಆದ್ದರಿಂದಲೇ ಮತ್ತೆ ಹೇಳುತ್ತೇನೆ: ಸೂಕ್ಷ್ಮದರ್ಶಕ ಎಷ್ಟು ಹೊತ್ತು ಕೈಯಲ್ಲಿರುತ್ತದೆ ಎಂದು ಕೇಳಿ.

ರೋಗಗಳನ್ನು ಪ್ರಯೋಗಾಲಯದಲ್ಲಿ ಅಭ್ಯಾಸ ಮಾಡುವ ಜೈವಿಕ ವೈದ್ಯಕೀಯ ವಿಜ್ಞಾನದ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಹೊತ್ತು ಸರಿಯುತ್ತಿದೆ. ವೈದ್ಯಕೀಯ ಸೀಟು ತಪ್ಪಿತೆಂದು ಮಗಳನ್ನು ಅನುತಾಪದಿಂದ ನೋಡುತ್ತ ಈ ವಿಷಯಕ್ಕೆ ಸೇರಿಸಲು ಕರೆತರುವುದನ್ನು ದಯವಿಟ್ಟು ನಿಲ್ಲಿಸಿ. ಜ್ವರ ಬಂದವನ ರಕ್ತದಲ್ಲಿ ಮೊದಲ ದಿನಗಳಲ್ಲಿ ಪಿಸಿಆರ್ ಪರೀಕ್ಷೆಯಿಂದ ವೈರಸ್ಸನ್ನೂ, ಕೆಲವು ದಿನ ಕಳೆದ ಮೇಲೆ ಎಲೈಸಾ ಪರೀಕ್ಷೆಯಿಂದ, ರೋಗದೊಡನೆ ಹೋರಾಡಲು ದೇಹ ತಯಾರಿಸುವ ಪ್ರತಿಕಾಯಗಳನ್ನೂ ಹುಡುಕಿ ಹೇಳುವವರು ಪ್ರಯೋಗಾಲಯದಲ್ಲಿದ್ದಾರೆ. ಅವರು ಹೇಳಿದ ಮೇಲೆಯೇ ವೈದ್ಯರಿಗೆ ರೋಗದ ಹೆಸರು ಖಚಿತವಾಗುವುದು. ದ್ರವ ಅಳೆಯುವ ಪಿಪೆಟ್ಟಿನಲ್ಲಿ ಒಂದು ಮೈಕ್ರೊಲೀಟರ್, ಅಂದರೆ ಲೀಟರಿನ ಹತ್ತು ಲಕ್ಷದಲ್ಲೊಂದು ಪಾಲು, ಹಿಡಿಯುವಾಗ ಬೆರಳು ನಡುಗಬಾರದು, ಅದೂ ಕೈ ಪಳಗಿದರೆ ಮಾತ್ರ ಬರುವ ವಿದ್ಯೆ.

ಎಂ.ಎಸ್ಸಿ. ಆದ ಮೇಲೆ ಸಂಶೋಧನೆಗೆ ಹೋಗುವವರು ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಮೂಲಕ ಫೆಲೋಶಿಪ್, ಅಂದರೆ ಸಂಶೋಧನೆಗೆ ಕೊಡುವ ಧನಸಹಾಯ, ಪಡೆಯಬಹುದು. ಉಳಿದವರಿಗೆ ಔಷಧ ಕಾರ್ಖಾನೆಗಳ ಗುಣಮಟ್ಟ ವಿಭಾಗ, ರೋಗಪತ್ತೆ ಪ್ರಯೋಗಾಲಯ, ಅಧ್ಯಾಪನ ಇವೆ. ಇಂಗ್ಲಿಷಿನ ಭಯವಿದ್ದವರು ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿ, ಒಂದು ವರ್ಷದಲ್ಲಿ ಭಯ ಹೋಗುತ್ತದೆ. ಚಿಕ್ಕ ಕಡೆ ದೊಡ್ಡ ಯಂತ್ರ ಇರುವುದಿಲ್ಲ ಎನ್ನುವವರಿಗೆ ಹೇಳುವುದಿಷ್ಟೇ, ದೊಡ್ಡ ಯಂತ್ರವನ್ನು ಗಾಜಿನ ಆಚೆಯಿಂದ ನೋಡಿದವರಿಗಿಂತ ಸಣ್ಣ ಯಂತ್ರವನ್ನು ಬಿಚ್ಚಿ ಜೋಡಿಸಿದವರನ್ನೇ ನಾನು ಕೆಲಸಕ್ಕೆ ಆರಿಸಿದ್ದೇನೆ.

ಕೊನೆಯದಾಗಿ, ಪ್ರವೇಶಕ್ಕೆ ವಿಚಾರಿಸಲು ಹೋಗುವಾಗ ಭಾನುವಾರ ಹೋಗಬೇಡಿ. ಕೆಲಸದ ದಿನ, ಮಧ್ಯಾಹ್ನ ಮೂರು ಗಂಟೆಗೆ ಹೋಗಿ, ಅನುಮತಿ ಕೇಳಿ ಪ್ರಯೋಗಾಲಯದ ಒಳಗೆ ಒಂದು ಸುತ್ತು ಬನ್ನಿ. ಸೂಕ್ಷ್ಮದರ್ಶಕಗಳ ಮುಸುಕಿನ ಮೇಲೆ ಧೂಳು ಕೂತಿದ್ದರೆ ಬೇರೆ ಕಡೆ ನೋಡಿ. ಮೇಜಿನ ಮೇಲೂ ಮಕ್ಕಳ ಬೆರಳುಗಳ ಮೇಲೂ ಸ್ಲೈಡಿಗೆ ಹಾಕುವ ನೇರಳೆ ಬಣ್ಣದ ಕಲೆಗಳಿದ್ದರೆ, ಊರು ಎಷ್ಟೇ ಚಿಕ್ಕದಿರಲಿ, ಅಲ್ಲಿಯೇ ಅರ್ಜಿ ತುಂಬಿ ಬನ್ನಿ. ನಮಸ್ಕಾರ.